ಗುಡ್ಡದ ತುಂಬ ಕುರಿಂಜಿ, ಹಿತ್ತಲಲ್ಲಿ ಒಂದೇ ಜೋಡಿ ಸೂರಕ್ಕಿ: ಅಪರೂಪ ಯಾವುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಎರಡು ಜೀವಿಗಳ ಸುತ್ತಲೇ ಇವೆ. ಒಂದು, ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ನೀಲಿ ಕುರಿಂಜಿ. ಮಲೆನಾಡಿನ ಕೆಲವೆಡೆ ಇದನ್ನೂ ಇದರ ಬಳಗದ ಗಿಡಗಳನ್ನೂ ಗುರಿಗೆ ಎನ್ನುತ್ತಾರೆ. ಇನ್ನೊಂದು, ದಾಸವಾಳ ಇದ್ದಲ್ಲೆಲ್ಲ ಕಾಣುವ ಸೂರಕ್ಕಿ. ಕೆಳಗೆ ಸೂರಕ್ಕಿ ಎಂದಿರುವ ಕಡೆಯೆಲ್ಲ ಹಳದಿ ಹೊಟ್ಟೆಯ, ಗಂಡಿನ ಸೊಂಟದ ಮೇಲೆ ನೇರಳೆ ಹೊಳಪಿರುವ ಸಣ್ಣ ಜಾತಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. ಗಿಡದ ಪ್ರಶ್ನೆಗಳಿಗೆ ಅಂಕಣದ ಸಸ್ಯ ವಿಭಾಗದವರೂ ಹಕ್ಕಿಯವಕ್ಕೆ ಪಕ್ಷಿ ವಿಭಾಗದವರೂ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಕುರಿಂಜಿ ಅರಳಿದ ವರ್ಷ ಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಲಕ್ಷಗಟ್ಟಲೆ ಗಿಡ. ನಮ್ಮ ಶಾಲೆಯ ಹಿತ್ತಲಲ್ಲಿ ಸೂರಕ್ಕಿ ಇರುವುದು ಒಂದೇ ಜೋಡಿ. ಆದರೂ ಕುರಿಂಜಿ ಅಪರೂಪ, ಸೂರಕ್ಕಿ ಸಾಮಾನ್ಯ ಎಂದು ಪಾಠ ಮಾಡಬೇಕು. ಮಕ್ಕಳು ‘ಅದು ಹೇಗೆ’ ಎಂದರೆ ಏನು ಹೇಳಲಿ? (ಪ್ರೌಢಶಾಲಾ ಶಿಕ್ಷಕಿ, ತರೀಕೆರೆ)

ಉತ್ತರ: ಮಕ್ಕಳು ಹಾಗೆ ಕೇಳಲೇಬೇಕು. ತಲೆ ಎಣಿಸಿದ ಮಾತ್ರಕ್ಕೆ ಅಪರೂಪವೋ ಅಲ್ಲವೋ ತೀರ್ಮಾನವಾಗುವುದಿಲ್ಲ. ಅಮೆರಿಕದ ಸಸ್ಯವಿಜ್ಞಾನಿ ಡೆಬೊರಾ ರಾಬಿನೋವಿಟ್ಸ್ 1981ರಲ್ಲಿ ಇದಕ್ಕೊಂದು ಸರಳ ಕೋಷ್ಟಕ ಕೊಟ್ಟರು. ಯಾವುದೇ ಜೀವಿಯ ಬಗ್ಗೆ ಮೂರು ಪ್ರಶ್ನೆ ಹಾಕಿಕೊಳ್ಳಬೇಕು. ಅದು ಹರಡಿರುವ ಭೂಭಾಗ ದೊಡ್ಡದೋ ಚಿಕ್ಕದೋ? ಹತ್ತು ಬಗೆಯ ಜಾಗದಲ್ಲಿ ಬದುಕುತ್ತದೋ, ಒಂದೇ ಬಗೆಯ ಜಾಗ ಬೇಕೋ? ಇರುವ ಕಡೆ ದಟ್ಟವಾಗಿದೆಯೋ, ಅಲ್ಲೂ ವಿರಳವೋ? ಪ್ರತಿ ಪ್ರಶ್ನೆಗೂ ಎರಡೆರಡು ಉತ್ತರ, ಒಟ್ಟು ಎಂಟು ಮನೆ. ದೊಡ್ಡ ಭೂಭಾಗ, ಹಲವು ಬಗೆಯ ನೆಲೆ, ಒಳ್ಳೆಯ ಸಂಖ್ಯೆ ಮೂರೂ ಕೂಡಿದ ಒಂದೇ ಮನೆಗೆ ‘ಸಾಮಾನ್ಯ’ ಎಂದು ಹೆಸರು. ಮಿಕ್ಕ ಏಳೂ ಏಳು ಬಗೆಯ ಅಪರೂಪ.

ಕುರಿಂಜಿಯನ್ನು ಈ ಕೋಷ್ಟಕಕ್ಕೆ ಹಾಕಿ ನೋಡಿ. ಭೂಭಾಗ ಚಿಕ್ಕದು: ಪಶ್ಚಿಮಘಟ್ಟದ ದಕ್ಷಿಣದ ಎತ್ತರದ ಸಾಲುಗಳು, ಅವುಗಳಾಚೆ ತಮಿಳುನಾಡಿನ ಶೆವರಾಯ್ ಬೆಟ್ಟ. ನೆಲೆ ಒಂದೇ ಬಗೆಯದು: ಸುಮಾರು 1300 ಮೀಟರಿಗಿಂತ ಮೇಲಿನ, ಶೋಲಾ ಎಂಬ ಗಿಡ್ಡ ಮರಗಳ ಬೆಟ್ಟಗಾಡಿನ ಅಂಚಿಗೆ ಹಾಸಿರುವ ಹುಲ್ಲುಗಾವಲು. ಸಂಖ್ಯೆ ಮಾತ್ರ ದಂಡಿಯಾಗಿದೆ. ಮೂರರಲ್ಲಿ ಎರಡು ಉತ್ತರ ‘ಚಿಕ್ಕದು’, ‘ಒಂದೇ’ ಎಂದು ಬಂದ ಮೇಲೆ ಅದು ಅಪರೂಪವೇ, ಗುಡ್ಡ ಎಷ್ಟೇ ನೀಲಿಯಾಗಿರಲಿ. ಇಂಥ ಗಿಡಕ್ಕೆ ಬರುವ ಅಪಾಯವೂ ಬೇರೆ ಬಗೆಯದು. ಒಂದು ಗುಡ್ಡಕ್ಕೆ ನೀಲಗಿರಿ ನೆಟ್ಟರೆ, ಒಂದು ರಸ್ತೆ ಕಡಿದರೆ, ಲಕ್ಷ ಗಿಡ ಒಂದೇ ಏಟಿಗೆ ಹೋಗುತ್ತವೆ.

ಸೂರಕ್ಕಿಯದು ತಿರುಗುಮುರುಗು. ಕರಾವಳಿಯ ತೆಂಗಿನ ತೋಟ, ಬಯಲುಸೀಮೆಯ ಹೊಲದ ಬದು, ಬೆಂಗಳೂರಿನ ಬಾಲ್ಕನಿ, ಯಾವುದಾದರೂ ಆದೀತು. ನಿಮ್ಮ ಹಿತ್ತಲಲ್ಲಿ ಒಂದೇ ಜೋಡಿ ಇರಲು ಕಾರಣ, ಗೂಡಿನ ಕಾಲದಲ್ಲಿ ಗಂಡು ಇನ್ನೊಂದು ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪಕ್ಕದ ಹಿತ್ತಲಲ್ಲಿ ಇನ್ನೊಂದು ಜೋಡಿ, ಅದರಾಚೆ ಮತ್ತೊಂದು. ಅಷ್ಟಷ್ಟೇ ಎಲ್ಲ ಕಡೆ ಇರುವುದರಿಂದ ಒಟ್ಟಿನಲ್ಲಿ ಸಂಖ್ಯೆಯೂ ಒಳ್ಳೆಯದೇ. ಮೂರೂ ಕೂಡಿತು, ಅದು ‘ಸಾಮಾನ್ಯ’ದ ಮನೆಗೆ. (ಇದೂ ಭಾರತ ಉಪಖಂಡ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಎಂಬುದನ್ನು ಮರೆಯಬೇಡಿ ಎಂದು ಪಕ್ಷಿ ವಿಭಾಗದವರು ಪಟ್ಟು ಹಿಡಿದು ಸೇರಿಸಿದ್ದಾರೆ.)

ತರಗತಿಯಲ್ಲಿ ಎಂಟು ಮನೆಯ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಬರೆದು ತುಂಬೆ, ಕಾಗೆ, ಸಿಂಗಳೀಕ, ಕುರಿಂಜಿ, ಸೂರಕ್ಕಿ ಇವನ್ನು ಮಕ್ಕಳಿಂದಲೇ ಮನೆಗೆ ಹಾಕಿಸಿ. ಸಿಂಗಳೀಕಕ್ಕೆ ಮೂರೂ ಉತ್ತರ ಪ್ರತಿಕೂಲ. ಅದನ್ನು ಕುರಿಂಜಿಯ ಪಕ್ಕ ಇಟ್ಟಾಗ, ಎರಡೂ ಅಪರೂಪವೇ ಆದರೂ ಒಂದೇ ಬಗೆಯವಲ್ಲ ಎಂಬುದು ಅವರಿಗೇ ಹೊಳೆಯುತ್ತದೆ.

ಪ್ರಶ್ನೆ: 2018ರಲ್ಲಿ ಮುನ್ನಾರಿನಲ್ಲಿ ಅರಳಿತು ಎಂದರು. 2021ರಲ್ಲಿ ಕೊಡಗಿನ ಮಾಂದಲ್‌ಪಟ್ಟಿ, 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳು. ಪ್ರತಿ ಸಲವೂ ‘ಹನ್ನೆರಡು ವರ್ಷಕ್ಕೊಮ್ಮೆ’ ಎಂದೇ ಸುದ್ದಿ. ನಾಲ್ಕು ವರ್ಷದಲ್ಲಿ ಮೂರು ಸಲ ಆಯಿತಲ್ಲ? (ಮೂಡಿಗೆರೆಯ ಓದುಗರು)

ಉತ್ತರ: ಎರಡು ಕಾರಣ, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು, ಕುರಿಂಜಿ ಎಂದು ಪತ್ರಿಕೆಗಳು ಕರೆಯುವುದು ಒಂದೇ ಗಿಡವನ್ನಲ್ಲ. ಸ್ಟ್ರೊಬಿಲಾಂಥಸ್ ಎಂಬ ಕುಲದಲ್ಲಿ ಭಾರತದಲ್ಲೇ ಸುಮಾರು 150 ಜಾತಿಗಳಿವೆ. ಕೆಲವು ಪ್ರತಿ ವರ್ಷ ಅರಳುತ್ತವೆ, ಕೆಲವು ಏಳು ವರ್ಷಕ್ಕೆ, ಕೆಲವು ಇನ್ನೂ ತಡವಾಗಿ. ಮುಂಬೈಯ ಬೆಟ್ಟಗಳಲ್ಲಿ 2008, 2016, 2024ರಲ್ಲಿ ಅರಳಿದ ಕಾರ್ವಿಯೂ ಇದೇ ಕುಲದ್ದು, ಅದರದು ಎಂಟು ವರ್ಷದ ಲೆಕ್ಕ. ಹನ್ನೆರಡರ ಲೆಕ್ಕಕ್ಕೆ ಹೆಸರಾದದ್ದು ಸ್ಟ್ರೊಬಿಲಾಂಥಸ್ ಕುಂತಿಯಾನ, ಅಂದರೆ ನೀಲಿ ಕುರಿಂಜಿ ಒಂದು. ನೀಲಗಿರಿಯಲ್ಲಿ ಅದರ ದಾಖಲೆ 1838ರಿಂದ ಇದೆ: 1838, 1850, 1862 ಎಂದು ಸಾಗಿ 1994, 2006, 2018ಕ್ಕೆ ಬರುತ್ತದೆ. ಮಧ್ಯೆ ತಾಳ ತಪ್ಪಿಲ್ಲ.

ಎರಡನೆಯದು, ಅದೇ ಜಾತಿಯೂ ಎಲ್ಲ ಬೆಟ್ಟದಲ್ಲಿ ಒಂದೇ ವರ್ಷ ಅರಳಬೇಕೆಂದಿಲ್ಲ. ಒಂದು ಬೆಟ್ಟದ ಗಿಡಗಳು ಒಂದೇ ವರ್ಷ ಮೊಳೆತ ಓರಗೆಯವು, ಆದ್ದರಿಂದ ಒಟ್ಟಿಗೆ ಅರಳುತ್ತವೆ. ಪಕ್ಕದ ಸಾಲಿನ ಓರಗೆ ಬೇರೆ ವರ್ಷದ್ದಾಗಿರಬಹುದು. ಕೇರಳದ ಇಡುಕ್ಕಿ ಜಿಲ್ಲೆಯೊಳಗೇ ಮುನ್ನಾರಿನ ಇರವಿಕುಲಂ ರಾಷ್ಟ್ರೀಯ ಉದ್ಯಾನ 2018ರಲ್ಲಿ ಅರಳಿದರೆ, ಶಾಂತನ್‌ಪಾರೆಯ ಕಡೆಯ ಬೆಟ್ಟ 2022ರಲ್ಲಿ ಅರಳಿತು. ಹಾಗಾಗಿ ‘ಕುರಿಂಜಿ ಮತ್ತೆ ಯಾವಾಗ’ ಎಂದು ಕೇಳುವಾಗ ಬೆಟ್ಟದ ಹೆಸರನ್ನೂ ಸೇರಿಸಿ ಕೇಳಿ. 2018ರ ಓರಗೆಯದು 2030ಕ್ಕೆ.

ಜಾತಿ ಗುರುತಿಸುವಾಗ ಹೂವಿನ ಬಣ್ಣವೊಂದನ್ನೇ ನಂಬಬೇಡಿ, ಬಳಗದ ಅರ್ಧ ಗಿಡಗಳು ನೀಲಿ ನೇರಳೆಯವೇ. ಫೋಟೊ ತೆಗೆಯುವುದಾದರೆ ನಾಲ್ಕು ಬೇಕು: ಹೂಗೊಂಚಲಿನ ಪಕ್ಕದ ನೋಟ, ಹೂವಿನ ಬಾಯಿ, ಎಲೆಯ ಮೇಲ್ಮೈ, ಎಲೆಯ ಕೆಳಮೈ. ಎಲೆಗೆ ತೊಟ್ಟು ಇದೆಯೇ ಇಲ್ಲವೇ, ನರ ಎಷ್ಟು ಜೋಡಿ, ಕೆಳಗೆ ರೋಮವಿದೆಯೇ ಎಂಬುದರಲ್ಲೇ ಜಾತಿ ಬೇರ್ಪಡುವುದು. ಗಾಳಿ ಬಡಿಯುವ ನೆತ್ತಿಯಲ್ಲಿ ಕುಂತಿಯಾನ ಮೊಣಕಾಲೆತ್ತರಕ್ಕೇ ನಿಲ್ಲುತ್ತದೆ, ಮರೆಯಿರುವ ಇಳಿಜಾರಿನಲ್ಲಿ ಆಳೆತ್ತರ ದಾಟುವುದೂ ಉಂಟು. ಆದ್ದರಿಂದ ಎತ್ತರ ನೋಡಿ ಜಾತಿ ಹೇಳುವುದು ಬೇಡ.

ಪ್ರಶ್ನೆ: ಹನ್ನೆರಡು ವರ್ಷ ಕಾದು, ಒಮ್ಮೆ ಹೂಬಿಟ್ಟು ಸತ್ತುಹೋಗುವುದು ನಷ್ಟದ ಬಾಳಲ್ಲವೆ? ಸೂರಕ್ಕಿಯ ಹಾಗೆ ವರ್ಷವರ್ಷವೂ ಸ್ವಲ್ಪಸ್ವಲ್ಪ ಸಂತಾನ ಮಾಡಿದ್ದರೆ ಕುರಿಂಜಿಯೂ ಎಲ್ಲ ಕಡೆ ಹರಡುತ್ತಿತ್ತೇನೋ. (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಪ್ರತಿ ವರ್ಷ 10 ಮರಿ ಮಾಡುತ್ತ ಎಂದೂ ಸಾಯದ ಜೀವಿ ಒಂದು. ಒಂದೇ ವರ್ಷ ಬದುಕಿ, 11 ಮರಿ ಮಾಡಿ ಸಾಯುವ ಜೀವಿ ಇನ್ನೊಂದು. ವರ್ಷದ ಕೊನೆಗೆ ಮೊದಲನೆಯದರ ಮನೆಯಲ್ಲಿ ತಾನೂ ಹತ್ತು ಮರಿಯೂ ಸೇರಿ 11. ಎರಡನೆಯದರ ಮನೆಯಲ್ಲೂ 11. ಅಮರತ್ವದ ಬೆಲೆ ಒಂದೇ ಒಂದು ಮರಿ! ಅಮೆರಿಕದ ಪರಿಸರ ವಿಜ್ಞಾನಿ ಲಮಾಂಟ್ ಕೋಲ್ 1954ರಲ್ಲಿ ಇದನ್ನು ತೋರಿಸಿದಾಗ ಜೀವಶಾಸ್ತ್ರಜ್ಞರಿಗೆ ದೊಡ್ಡ ಒಗಟಾಯಿತು. ಹಾಗಿದ್ದರೆ ಎಲ್ಲ ಜೀವಿಗಳೂ ಒಮ್ಮೆ ಹೆತ್ತು ಸಾಯಬೇಕಿತ್ತಲ್ಲ?

ಒಗಟು ಬಿಡಿಸಿದ್ದು 1973ರಲ್ಲಿ ಚಾರ್ನೋವ್ ಮತ್ತು ಶಾಫರ್ ಎಂಬ ಇಬ್ಬರು ಜೀವಶಾಸ್ತ್ರಜ್ಞರು. ಕೋಲ್ ಲೆಕ್ಕದಲ್ಲಿ ಮರಿಗಳೆಲ್ಲ ಬದುಕುತ್ತವೆ. ನಿಜದಲ್ಲಿ ಹತ್ತಕ್ಕೆ ಒಂದು ಬದುಕಿದರೆ? ಮೊದಲನೆಯದರ ಮನೆಯಲ್ಲಿ ತಾನು ಮತ್ತು ಒಂದು ಮರಿ, ಒಟ್ಟು 2. ಸರಿಗಟ್ಟಲು ಎರಡನೆಯದು 11 ಅಲ್ಲ, 20 ಮರಿ ಮಾಡಬೇಕು. ಮರಿಗಳ ಸಾವು ಹೆಚ್ಚಿದ್ದು ದೊಡ್ಡವು ಬಾಳುವುದಾದರೆ, ತಾಯಿ ಉಳಿಯುವುದೇ ಲಾಭ.

ಸೂರಕ್ಕಿ ಇರುವುದು ಆ ಬದಿಯಲ್ಲಿ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡೇ ಮೊಟ್ಟೆ. ಗೂಡಿಗೆ ಹಾವು, ಕೆಂಬೂತ, ಬೆಕ್ಕು, ಜೋರು ಮಳೆ ಎಲ್ಲ ಕಾದಿರುತ್ತವೆ. ಒಂದು ಗೂಡು ಕೆಟ್ಟರೆ ತಾಯಿ ಬದುಕಿರುವ ಕಾರಣಕ್ಕೇ ಇನ್ನೊಂದು ಕಟ್ಟಲಾಗುವುದು. ಹಕ್ಕಿಯ ಮೈ ತೂಗುವುದು ಹತ್ತು ಗ್ರಾಂ ಆಸುಪಾಸು. ಆ ಮೈಯಿಂದ ಒಂದೇ ಸಲಕ್ಕೆ ನೂರು ಮೊಟ್ಟೆ ಬಾರದು, ಬಂದರೂ ನೂರು ಬಾಯಿಗೆ ಹುಳ ತರಲು ಇಬ್ಬರಿಂದಾಗದು.

ಕುರಿಂಜಿಗೆ ಮರಿ ಸಾಕುವ ಕೆಲಸವಿಲ್ಲ, ಆದರೆ ಬೀಜ ತಿನ್ನುವವರ ಕಾಟವಿದೆ: ಇಲಿ, ಕಾಡುಕೋಳಿ, ಇರುವೆ. ಇಲ್ಲೊಂದು ಊಹೆಯ ಅಂಕಿ ಹಿಡಿಯೋಣ. ಒಂದು ಬೆಟ್ಟದ ಇಲಿ ಕೋಳಿಗಳೆಲ್ಲ ಸೇರಿ ವರ್ಷಕ್ಕೆ 10,000 ಬೀಜ ತಿನ್ನಬಲ್ಲವು ಎನ್ನಿ. ಗಿಡಗಳು ಹನ್ನೆರಡು ಪಾಲಾಗಿ ಸರದಿಯಂತೆ ಅರಳಿ ವರ್ಷಕ್ಕೆ 9,000 ಬೀಜ ಉದುರಿಸಿದರೆ ಪ್ರತಿ ವರ್ಷವೂ ಎಲ್ಲವೂ ಹೊಟ್ಟೆಗೆ. ಹನ್ನೆರಡು ವರ್ಷದ ಒಟ್ಟು ಉಳಿಕೆ ಸೊನ್ನೆ. ಅಷ್ಟೂ ಗಿಡ ಒಂದೇ ವರ್ಷ ಅರಳಿದರೆ ಬೀಳುವುದು 1,08,000. ತಿಂದು ತೇಗಿದ ಮೇಲೂ 98,000 ಮಣ್ಣಿಗೆ. ಬಿದಿರಿನ ಕಟ್ಟೆ (ಮೆಳೆಗಳೆಲ್ಲ ಒಟ್ಟಿಗೆ ಹೂಬಿಟ್ಟು ಸಾಯುವುದು) ಬರುವುದರ ಹಿಂದೆಯೂ ಇದೇ ಗಣಿತ.

ಗುಂಪಿನ ತಾಳ ತಪ್ಪಿಸಿದ ಗಿಡಕ್ಕೆ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಒಂದು ವರ್ಷ ಮೊದಲೋ ಆಮೇಲೋ ಒಂಟಿಯಾಗಿ ಅರಳುವ ಕುರಿಂಜಿಗಳು ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಅವಕ್ಕೆ ಜೇನು ಕಡಿಮೆ, ಪರಾಗ ಕೊಡುವ ನೆರೆಯ ಗಿಡವಿಲ್ಲ, ಕಟ್ಟಿದ ಬೀಜವೂ ಇಲಿಯ ಪಾಲು. ಅವುಗಳ ಸಂತತಿ ಮುಂದುವರಿಯುವುದು ಕಷ್ಟ. ತಾಳ ಕೆಡದೆ ಉಳಿದಿರುವುದು ಹೀಗೆ. ಆದರೆ ಈ ಲೆಕ್ಕದಲ್ಲೊಂದು ದೊಡ್ಡ ತೂತಿದೆ. ಬೀಜದ ಆ ಒಂದು ವರ್ಷ ಗುಡ್ಡಕ್ಕೆ ಬೆಂಕಿ ಬಿದ್ದರೆ ಅಥವಾ ಅರಳಿದ ಗಿಡಗಳನ್ನು ಜನ ತುಳಿದರೆ, ಹೋಗುವುದು ಹನ್ನೆರಡು ವರ್ಷದ ದುಡಿಮೆ. ಸೂರಕ್ಕಿಗೆ ಮುಂದಿನ ತಿಂಗಳು ಇರುತ್ತದೆ, ಕುರಿಂಜಿಗೆ ಇರುವುದಿಲ್ಲ.

ಪ್ರಶ್ನೆ: ಕುರಿಂಜಿಯ ಪರಾಗಸ್ಪರ್ಶ ಮಾಡುವುದು ಸೂರಕ್ಕಿಯೇ? (ಪುತ್ತೂರು)

ಉತ್ತರ: ಅಲ್ಲ. ಮುಖ್ಯ ಕೆಲಸ ತುಡುವೆ ಜೇನಿನದು. ಹೂವನ್ನು ನೋಡಿದರೇ ಗೊತ್ತಾಗುತ್ತದೆ: ನೀಲಿ ನೇರಳೆ ಬಣ್ಣ ಜೇನಿನ ಕಣ್ಣಿಗೆ ಚೆನ್ನಾಗಿ ಕಾಣುವಂಥದ್ದು, ಗಂಟೆಯಂತೆ ಅಗಲ ಬಾಯಿ, ಜೇನು ಇಳಿದು ಒಳನುಗ್ಗಲು ಹದವಾದ ಅಳತೆ. ಹಕ್ಕಿಗೆಂದೇ ಇರುವ ಹೂಗಳು ಹೆಚ್ಚಾಗಿ ಕೆಂಪು ಅಥವಾ ಕಿತ್ತಳೆ, ಉದ್ದ ಕೊಳವೆ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಮಕರಂದ ನೀರಾಗಿ ಧಾರಾಳ. ಮುತ್ತುಗ, ಹಾಲಿವಾಣ, ಬದನಿಕೆ ಇವು ಆ ಪಂಗಡ. ಮಾವಿನ ಮರದ ಬದನಿಕೆಯ ಹೂವಿಗೆ ಪರಾಗ ಮುಟ್ಟಿಸುವುದು ಸೂರಕ್ಕಿ, ಅದರ ಅಂಟುಬೀಜವನ್ನು ಕೊಂಬೆಗೆ ಒರೆಸಿ ಹರಡುವುದು ಬದನಿಕೆ ಹಕ್ಕಿ. ಇನ್ನು, ಸೂರಕ್ಕಿ ಕೊಕ್ಕು ತೂರದಷ್ಟು ಉದ್ದದ ಹೂವಿನ ಬುಡಕ್ಕೆ ತೂತು ಕೊರೆದು ಮಕರಂದ ಕದಿಯುವುದೂ ಉಂಟು, ಆಗ ಪರಾಗಸ್ಪರ್ಶ ಆಗುವುದಿಲ್ಲ. ಹೂವಿಗೆ ಬಂದವರೆಲ್ಲ ಉಪಕಾರಿಗಳಲ್ಲ.

ಪ್ರಶ್ನೆ: ಕುರಿಂಜಿ ಬೀಜ ತಂದು ಬೆಂಗಳೂರಿನ ತಾರಸಿಯಲ್ಲಿ ಬೆಳೆಸಬಹುದೇ? ಮಣ್ಣು, ಗೊಬ್ಬರದ ಅಳತೆ ತಿಳಿಸಿ. (ತಾರಸಿ ತೋಟದ ಹವ್ಯಾಸಿ, ಜಯನಗರ)

ಉತ್ತರ: ಬೇಡ, ಅಳತೆಯನ್ನೂ ಕೊಡುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ನೀಲಿ ಕುರಿಂಜಿಯನ್ನು ಸಂರಕ್ಷಿತ ಸಸ್ಯಗಳ ಪಟ್ಟಿಗೆ, ಅಂದರೆ ಮೂರನೇ ಷೆಡ್ಯೂಲಿಗೆ ಸೇರಿಸಲಾಗಿದೆ. ಅದನ್ನು ಕೀಳುವುದು, ಇಟ್ಟುಕೊಳ್ಳುವುದು, ಮಾರುವುದು, ಲೈಸೆನ್ಸ್ ಇಲ್ಲದೆ ಬೆಳೆಸುವುದು ಎಲ್ಲವೂ ಅಪರಾಧ. ದಂಡಕ್ಕೂ ಜೈಲಿಗೂ ಅವಕಾಶವಿದೆ. ಪ್ರವಾಸದಲ್ಲಿ ಒಂದು ಗೊಂಚಲು ಕಿತ್ತು ಜಡೆಗೆ ಮುಡಿಯುವುದಕ್ಕೂ ಇದೇ ಕಾನೂನು.

ಕಾನೂನು ಬಿಟ್ಟರೂ ಪ್ರಯತ್ನ ದಂಡ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ತಾರಸಿಯ ಕಾಂಕ್ರೀಟು ಮಾರ್ಚ್ ತಿಂಗಳಲ್ಲಿ ಕಾಯುತ್ತದೆ. ಕುರಿಂಜಿಗೆ ಬೇಕಾದದ್ದು ಮಂಜು, ಗಾಳಿ, ತಂಪು ಬೇಸಿಗೆ, ನೀರು ನಿಲ್ಲದ ಇಳಿಜಾರು. ಹೇಗೋ ಬದುಕಿಸಿದರೂ ಹನ್ನೆರಡು ವರ್ಷ ಎಲೆ ನೋಡಿಕೊಂಡಿರಬೇಕು.

ಅದೇ ಕುಟುಂಬದ ಗೋರಂಟೆ ಹಾಕಿ. ಹನ್ನೆರಡು ಇಂಚಿನ ಕುಂಡ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಬಲಿತ ಕಡ್ಡಿ ಒಂದು ಗೇಣುದ್ದ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಮಳೆಗಾಲದ ಆರಂಭದಲ್ಲಿ ಊರಿ. ಕಡ್ಡಿ ಕಪ್ಪಾಗಿ ಕೊಳೆತರೆ ನೀರು ಹೆಚ್ಚಾಗಿದೆ, ಕುಂಡದ ತಳದ ತೂತು ಮುಚ್ಚಿದೆಯೇ ನೋಡಿ. ನೀಲಿ ಗೋರಂಟೆ ಚಳಿಗಾಲಕ್ಕೆ ತುಂಬಿ ಅರಳುತ್ತದೆ. ಪ್ರತಿ ವರ್ಷ.

ಪ್ರಶ್ನೆ: ಕೆಂಪು ಪಟ್ಟಿಯಲ್ಲಿ ಇವೆರಡರ ಸ್ಥಾನ ಏನು? ಯಾವ ಆಧಾರದ ಮೇಲೆ ಕೊಡುತ್ತಾರೆ? (ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಧಾರವಾಡ)

ಉತ್ತರ: ಜೀವಿಗಳಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಸೂರಕ್ಕಿ ‘ಕಡಿಮೆ ಕಾಳಜಿ’ ವರ್ಗ. ನೀಲಿ ಕುರಿಂಜಿಯ ಮೌಲ್ಯಮಾಪನ ಬಹಳ ತಡವಾಗಿ ಆಯಿತು, 2024ರಲ್ಲಿ ಅದಕ್ಕೆ ‘ದುರ್ಬಲ’ ವರ್ಗ ಸಿಕ್ಕಿತು. ಚಹಾ ತೋಟ, ನೀಲಗಿರಿ ಮತ್ತು ವ್ಯಾಟಲ್ ನೆಡುತೋಪು, ರಸ್ತೆ, ಕಟ್ಟಡಗಳಿಂದ ಹುಲ್ಲುಗಾವಲು ಕರಗಿದ್ದೇ ಮುಖ್ಯ ಕಾರಣ.

ಪರೀಕ್ಷೆಗೆ ಕೆಲಸಕ್ಕೆ ಬರುವ ಒಂದು ಸೂಕ್ಷ್ಮ ಇಲ್ಲಿದೆ. ಸಂಖ್ಯೆ ಶೇ. 30ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿದಿದ್ದರೆ ‘ದುರ್ಬಲ’ ಎನ್ನಬಹುದು. ಎಷ್ಟು ಕಾಲದೊಳಗೆ? ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಅದು. ಸೂರಕ್ಕಿಯ ತಲೆಮಾರು ಸಣ್ಣದು, ಹತ್ತು ವರ್ಷದ ಕಿಟಕಿ ಸಾಕು. ಕುರಿಂಜಿಯ ತಲೆಮಾರು 12 ವರ್ಷ, ಮೂರಕ್ಕೆ 36. ಅಂದರೆ ಹಕ್ಕಿಗೆ ನಿನ್ನೆ ಮೊನ್ನೆಯ ಲೆಕ್ಕ ನೋಡಿದರೆ, ಗಿಡಕ್ಕೆ 1980ರ ದಶಕದ ಗುಡ್ಡ ಹೇಗಿತ್ತು ಎಂದು ನೋಡಬೇಕು. ಹಳೆಯ ನಕ್ಷೆ, ಉಪಗ್ರಹ ಚಿತ್ರಗಳು ಗಿಡದ ಮೌಲ್ಯಮಾಪನಕ್ಕೆ ಅಷ್ಟು ಮುಖ್ಯವಾಗುವುದು ಇದಕ್ಕೇ.

‘ಕಡಿಮೆ ಕಾಳಜಿ’ ಎಂದರೆ ಲೆಕ್ಕ ಬಿಡಬಹುದು ಎಂದಲ್ಲ. 2023ರ ಭಾರತದ ಪಕ್ಷಿಗಳ ಸ್ಥಿತಿ ವರದಿ 942 ಜಾತಿಗಳನ್ನು ಪರಿಶೀಲಿಸಿ 178ಕ್ಕೆ ಹೆಚ್ಚಿನ ಆದ್ಯತೆ ಕೊಟ್ಟಿತು. ಹಳ್ಳಿಹಳ್ಳಿಯಲ್ಲಿ ಜನ ಸಾಮಾನ್ಯ ಹಕ್ಕಿಗಳನ್ನೂ ಬಿಡದೆ ಪಟ್ಟಿಗೆ ಬರೆದದ್ದರಿಂದಲೇ ಅಂಥ ವರದಿ ಸಾಧ್ಯವಾದದ್ದು.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಒಂದು ಗಿಡ, ಒಂದು ಹಕ್ಕಿ ಎಣಿಸಿ ಹೋಲಿಸಬೇಕೆಂದಿದ್ದೇವೆ. ವಿಧಾನ ತಿಳಿಸಿ. (ಬಿ.ಎಸ್ಸಿ. ವಿದ್ಯಾರ್ಥಿನಿಯರು, ಚಿಕ್ಕಮಗಳೂರು)

ಉತ್ತರ: ಮೀಸಲು ಅರಣ್ಯವಾದರೆ ಮೊದಲು ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿ. ಅಭ್ಯಾಸವನ್ನು ಕುರಿಂಜಿಯ ಮೇಲೆ ಮಾಡಬೇಡಿ, ಕಾಲೇಜಿನ ಹಿಂದಿನ ತುಂಬೆಯ ಮೇಲೆ ಮಾಡಿ.

ಗಿಡಕ್ಕೆ: ಅರ್ಧ ಇಂಚಿನ ಪಿವಿಸಿ ಪೈಪು ಒಂದೊಂದು ಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೊ. ಸೇರಿಸಿದರೆ ಒಂದು ಚದರ ಮೀಟರಿನ ಚೌಕಟ್ಟು. ಎಲ್ಬೊಗಳಿಗೆ ಅಂಟು ಹಾಕಬೇಡಿ, ಬಿಚ್ಚಿ ಒಯ್ಯಬೇಕು. ಇಳಿಜಾರಿನ ಉದ್ದಕ್ಕೆ 100 ಮೀಟರ್ ಟೇಪು ಎಳೆದು, ಪ್ರತಿ 10 ಮೀಟರಿಗೆ ಒಂದು ಚೌಕಟ್ಟು, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ‘ಇಲ್ಲಿ ಚೆನ್ನಾಗಿದೆ’ ಎಂದು ಚೌಕಟ್ಟನ್ನು ಆಚೀಚೆ ಸರಿಸಿದಿರೋ, ಇಡೀ ಲೆಕ್ಕ ಸುಳ್ಳು. ಹೆಚ್ಚಿನ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ. ಒಂದೇ ಬುಡದಿಂದ ಎದ್ದ ಕಾಂಡಗಳೆಲ್ಲ ಸೇರಿ ಒಂದು ಗಿಡ. ಚೌಕಟ್ಟಿನ ಅಂಚಿಗೆ ಬಿದ್ದ ಗಿಡದಲ್ಲಿ ಎಡ ಮತ್ತು ಮೇಲಿನ ಅಂಚಿನವನ್ನು ಎಣಿಸಿ, ಬಲ ಮತ್ತು ಕೆಳಗಿನವನ್ನು ಬಿಡಿ. ಗಿಡವೇ ಇಲ್ಲದ ಚೌಕಟ್ಟಿಗೆ ಸೊನ್ನೆ ಎಂದು ಬರೆಯಲೇಬೇಕು.

ಉದಾಹರಣೆಗೆ ಹತ್ತು ಚೌಕಟ್ಟಿನಲ್ಲಿ 0, 0, 4, 7, 0, 3, 0, 0, 5, 1 ಬಂತು ಎನ್ನಿ. ಒಟ್ಟು 20, ಸರಾಸರಿ ಚದರ ಮೀಟರಿಗೆ 2. ಗಿಡ ಸಿಕ್ಕಿದ್ದು ಹತ್ತರಲ್ಲಿ ಐದರಲ್ಲಿ, ಶೇ. 50. ಆದರೆ ಸರಾಸರಿಯನ್ನು ಹಿಡಿದು ಹೆಕ್ಟೇರಿಗೆ 20,000 ಎಂದು ಗುಣಿಸಿ ಬರೆಯಬೇಡಿ. ಗಿಡಗಳು ಗುಂಪುಗುಂಪಾಗಿವೆ ಎಂದು ಆ ಅಂಕಿಗಳೇ ಹೇಳುತ್ತಿವೆ, ಒಂದು ಗೆರೆ ಸಾಲದು.

ಹಕ್ಕಿಗೆ: ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಒಂದು ಜಾಗದಲ್ಲಿ ನಿಂತು 15 ನಿಮಿಷ, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳ ಪಟ್ಟಿ. ಸೂರಕ್ಕಿಯನ್ನು ಮಾತ್ರ ಬರೆದರೆ ಉಪಯೋಗವಿಲ್ಲ, ಏಕೆಂದರೆ ‘ಸೂರಕ್ಕಿ ಸಿಗದ ಪಟ್ಟಿ’ ಎಷ್ಟು ಎಂಬುದೂ ಬೇಕು. 20 ಪಟ್ಟಿಯಲ್ಲಿ 17ರಲ್ಲಿ ಸಿಕ್ಕಿದರೆ ಶೇ. 85. ಹೆಣ್ಣು ಮಂಕು ಬಣ್ಣದ್ದು, ಎಲೆಯ ಮಧ್ಯೆ ತಪ್ಪಿಹೋಗುತ್ತದೆ. ಚುಟುಕಾದ, ತೆಳುದನಿಯ ‘ಟ್ಸಿಟ್ ಟ್ಸಿಟ್’ ಕರೆಯನ್ನು ಮೊದಲು ಕಲಿಯಿರಿ. ಮೈಯೆಲ್ಲ ಕಪ್ಪುನೇರಳೆಯ ಗಂಡು ಕಂಡರೆ ಅದು ಬೇರೆ ಜಾತಿ. ಕೊಕ್ಕು ಕುಡುಗೋಲಿನಂತೆ ಉದ್ದ ಬಾಗಿದ್ದರೆ ಮೂರನೆಯದು. ಎತ್ತರದ ಬೆಟ್ಟದ ಕಾಡಂಚಿನಲ್ಲಿ ಬೆನ್ನು ಕಡುಗೆಂಪಾಗಿರುವ ಇನ್ನೂ ಸಣ್ಣದು ಸಿಕ್ಕರೆ ಅದು ಪಶ್ಚಿಮಘಟ್ಟದ್ದೇ ಆದ ಜಾತಿ. ಬೇರೆ ಸಾಲಿನಲ್ಲಿ ಬರೆಯಿರಿ.

ಈಗ ಮುಖ್ಯ ಎಚ್ಚರಿಕೆ. ಗಿಡದ ಶೇ. 50ನ್ನೂ ಹಕ್ಕಿಯ ಶೇ. 85ನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಒಂದು ಚದರ ಮೀಟರ್ ನೆಲದ ಲೆಕ್ಕ ಒಂದು, ಕಿವಿಗೆ ಎಟುಕುವಷ್ಟು ದೂರದ ಲೆಕ್ಕ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ತಾಲ್ಲೂಕಿನ ನಕ್ಷೆಯ ಮೇಲೆ ಒಂದು ಕಿಲೋಮೀಟರಿನ ಚೌಕಗಳನ್ನು ಎಳೆಯಿರಿ. ಚೀಟಿ ಎತ್ತಿ 40 ಚೌಕ ಆರಿಸಿ, ಪ್ರತಿಯೊಂದರಲ್ಲೂ ಒಂದೇ ಹೊತ್ತು ಹುಡುಕಿ, ‘ಇದೆ’ ಅಥವಾ ‘ಸಿಗಲಿಲ್ಲ’ ಎಂದಷ್ಟೇ ಬರೆಯಿರಿ. ಗಿಡ 3 ಚೌಕದಲ್ಲಿ, ಹಕ್ಕಿ 34ರಲ್ಲಿ ಎಂಬಂಥ ಉತ್ತರ ಬಂದರೆ ಅಪರೂಪದ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಹೂವಿಲ್ಲದ ವರ್ಷದಲ್ಲಿ ಕುರಿಂಜಿ ಬರಿಯ ಹಸಿರು ಪೊದೆ. ಎಲೆ ನೋಡಿ ಗುರುತಿಸಲು ಬರದಿದ್ದರೆ ಇರುವ ಚೌಕಗಳೂ ‘ಸಿಗಲಿಲ್ಲ’ಕ್ಕೆ ಹೋಗುತ್ತವೆ, ಎಚ್ಚರ.

ಪ್ರಶ್ನೆ: ಬಾಲ್ಕನಿಯ ಬಟ್ಟೆ ಹಗ್ಗದ ತುದಿಗೆ ಸೂರಕ್ಕಿ ಗೂಡು ನೇತುಹಾಕಿದೆ. ನಾವು ಬಾಲ್ಕನಿ ಬಳಸುವುದು ಬಿಡಬೇಕೆ? ಎಷ್ಟು ದಿನ? (ಗೃಹಿಣಿ, ಮೈಸೂರು)

ಉತ್ತರ: ಪೂರ್ತಿ ಬಿಡಬೇಕಿಲ್ಲ. ಮೊಟ್ಟೆ ಇಟ್ಟ ಮೇಲೆ ಕಾವು ಸುಮಾರು 14ರಿಂದ 16 ದಿನ, ಮರಿ ಗೂಡು ಬಿಡಲು ಇನ್ನೊಂದು 17 ದಿನ. ಕಟ್ಟುವ ದಿನಗಳನ್ನೂ ಸೇರಿಸಿ ಒಂದೂವರೆ ತಿಂಗಳು ಎಂದುಕೊಳ್ಳಿ. ಆ ಹಗ್ಗಕ್ಕೆ ಬಟ್ಟೆ ಹಾಕಬೇಡಿ, ಬೇರೆ ಹಗ್ಗ ಕಟ್ಟಿಕೊಳ್ಳಿ. ಓಡಾಟ ಇರಲಿ, ಆದರೆ ಗೂಡಿನೆದುರು ನಿಂತು ನೋಡುವುದು, ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದು ಬೇಡ. ಗೂಡು ಕಟ್ಟುವ ಹಂತದಲ್ಲಿ ಹೆದರಿಸಿದರೆ ಬಿಟ್ಟುಹೋಗುವುದು ಹೆಚ್ಚು. ಮರಿ ಆದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಜೇಡರ ಬಲೆ ಗುಡಿಸಬೇಡಿ. ಗೂಡಿನ ನಾರು, ತೊಗಟೆ ಚೂರುಗಳನ್ನು ಹಿಡಿದಿಟ್ಟಿರುವುದು ಆ ಬಲೆಯ ನೂಲೇ, ಜೇಡ ಮರಿಗಳ ಊಟವೂ ಹೌದು. ಕುಂಡಗಳಿಗೆ ಕೀಟನಾಶಕ ಹೊಡೆಯಬೇಡಿ. ಹತ್ತಿರದಲ್ಲಿ ಕನ್ನಡಿಯಿದ್ದರೆ ಬಟ್ಟೆ ಹೊದಿಸಿ. ಗಂಡು ತನ್ನ ಬಿಂಬವನ್ನೇ ಎದುರಾಳಿ ಎಂದು ಗಂಟೆಗಟ್ಟಲೆ ಕುಕ್ಕುತ್ತದೆ. ಬೈಕಿನ ಕನ್ನಡಿಗೂ ಇದೇ ಮದ್ದು, ಹಳೆಯ ಕಾಲುಚೀಲ ಸಾಕು.

ಗಾಳಿಗೆ ಗೂಡು ಕಿತ್ತು ಬಿದ್ದಿದೆ, ಮರಿ ಬದುಕಿದೆ ಎನ್ನಿ. ತೆಂಗಿನ ಚಿಪ್ಪಿಗೆ ತಳದಲ್ಲಿ ಮೂರು ನಾಲ್ಕು ತೂತು ಹೊಡೆದು, ಬಿದ್ದ ಗೂಡನ್ನೇ ಅದರೊಳಗಿಟ್ಟು, ಇದ್ದ ಜಾಗದಲ್ಲೇ ಅದೇ ಎತ್ತರಕ್ಕೆ ತಂತಿಯಿಂದ ಕಟ್ಟಿ. ದೂರ ಕೊಂಡೊಯ್ದರೆ ತಾಯಿಗೆ ಸಿಗದು. ಬಾಗಿಲು ಮುಚ್ಚಿ ಒಳಗಿನಿಂದ ಒಂದು ಗಂಟೆ ಗಮನಿಸಿ. ಮುಟ್ಟಿದರೆ ಬಿಟ್ಟುಹೋಗುತ್ತದೆ ಎಂಬ ಮಾತು ನಿಜವಲ್ಲ. ಮರಿಯ ಬಾಯಿಗೆ ನೀರು, ಹಾಲು, ಸಕ್ಕರೆನೀರು ಬಿಡಲೇಬೇಡಿ, ಶ್ವಾಸನಾಳಕ್ಕೆ ಇಳಿದು ಸಾಯುತ್ತದೆ. ಮೈತುಂಬ ಗರಿ ಬಂದು ಕುಪ್ಪಳಿಸುವ ಮರಿಯಾದರೆ ಅದು ಬಿದ್ದದ್ದಲ್ಲ, ಹೊರಟದ್ದು. ಬೆಕ್ಕನ್ನು ಕೂಡಿಹಾಕಿ, ಮರಿಯನ್ನು ಗಿಡದ ಮೇಲೆ ಕೂರಿಸಿ ಬಿಡಿ.

ಅಂದಹಾಗೆ, ಸಾಮಾನ್ಯ ಹಕ್ಕಿಯೆಂದು ಗೂಡು ಕಿತ್ತುಹಾಕುವಂತಿಲ್ಲ. ಮೇಲೆ ಹೇಳಿದ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆ ಕೆದಕುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೆ ಬರುತ್ತದೆ.

ಪ್ರಶ್ನೆ: ಸೂರಕ್ಕಿಗೆ ಸಕ್ಕರೆನೀರು ಇಡಬಹುದೇ? ಬೆಲ್ಲ ಒಳ್ಳೆಯದಲ್ಲವೆ? (ಹುಬ್ಬಳ್ಳಿ)

ಉತ್ತರ: ಬೆಲ್ಲ, ಜೇನು, ಬಣ್ಣ ಯಾವುದೂ ಬೇಡ, ಬೇಗ ಹುಳಿಯುತ್ತವೆ, ಬೂಷ್ಟು ಹಿಡಿಯುತ್ತವೆ. ಇಡಲೇಬೇಕೆಂದರೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ಕುದಿಸಿ ಆರಿಸಿದ ನೀರು. ನಿಮ್ಮ ಕಡೆಯ ಬಿಸಿಲಿಗೆ ದಿನಾ ಚೆಲ್ಲಿ, ಪಾತ್ರೆಯನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯಬೇಕು, ಸೋಪು ಉಳಿಯಬಾರದು. ದ್ರವ ಮಸುಕಾದರೆ ಕೆಟ್ಟಿದೆ ಎಂದೇ ಅರ್ಥ. ಇರುವೆ ತಡೆಯಲು ತೂಗುವ ತಂತಿಯ ನಡುವೆ ನೀರು ತುಂಬಿದ ಸಣ್ಣ ಬಟ್ಟಲು ಸಿಕ್ಕಿಸಿ, ಎಣ್ಣೆ ಗ್ರೀಸು ಬಳಿಯಬೇಡಿ, ಗರಿಗೆ ಮೆತ್ತಿಕೊಳ್ಳುತ್ತದೆ. ಇಷ್ಟೆಲ್ಲ ನಿತ್ಯ ಆಗದು ಎನ್ನುವವರು ಒಂದು ಕೇಪಳ, ಒಂದು ದಾಸವಾಳ, ಒಂದು ರತ್ನಗಂಧಿ ನೆಡಿ. ಹೂವಿಗೆ ಬರುವ ಸಣ್ಣ ಹುಳುಗಳೂ ಸೂರಕ್ಕಿಗೆ ಬೇಕು, ಅವನ್ನು ಬಾಟಲಿ ಕೊಡುವುದಿಲ್ಲ.

ಪ್ರಶ್ನೆ: 2030ರಲ್ಲಿ ಕುರಿಂಜಿ ನೋಡಲು ಈಗಲೇ ಯೋಚಿಸುತ್ತಿದ್ದೇವೆ. ಯಾವ ತಿಂಗಳು, ಏನು ಗಮನಿಸಬೇಕು? (ನಿವೃತ್ತ ದಂಪತಿ, ದಾವಣಗೆರೆ)

ಉತ್ತರ: ಆಗಸ್ಟಿನಿಂದ ಅಕ್ಟೋಬರ್. ಮುನ್ನಾರಿನ ಇರವಿಕುಲಂ ಕಡೆ 2018ರಲ್ಲಿ ಆಗಸ್ಟ್ ತಿಂಗಳ ಪ್ರವಾಹ, ಭೂಕುಸಿತದಿಂದ ರಸ್ತೆಗಳೇ ಮುಚ್ಚಿದ್ದವು, ಆದ್ದರಿಂದ ಸೆಪ್ಟೆಂಬರ್ ಮಧ್ಯದ ನಂತರದ ದಿನ ಇಟ್ಟುಕೊಂಡರೆ ಒಳ್ಳೆಯದು. ಬಿಸಿಲು ಬಿದ್ದ ಬೆಳಗು ಬೇಕು, ಜೇನು ಎದ್ದಿರುವುದು ಆಗಲೇ. ಕಾಲುದಾರಿ ಬಿಟ್ಟು ಇಳಿಯಬೇಡಿ. ಹೂ ಬಾಡಿದ ಮೇಲೆ ಕಾಯಿ ಬಲಿಯಲು ತಿಂಗಳುಗಳೇ ಬೇಕು, ಒಂದು ಕಾಯಿಯಲ್ಲಿ ನಾಲ್ಕರೊಳಗೆ ಬೀಜ. ಕಾಯಿ ಸಿಡಿದಾಗ ಒಳಗಿನ ಕೊಕ್ಕೆಗಳು ಬೀಜವನ್ನು ಚಿಮ್ಮಿಸುವುದು ತಾಯಿಗಿಡದಿಂದ ಸ್ವಲ್ಪವೇ ದೂರಕ್ಕೆ. ಫೋಟೊಗೆಂದು ಪೊದೆಯ ನಡುವೆ ನಿಂತವರ ಕಾಲಡಿಯಲ್ಲಿ ಮುರಿಯುವ ಗಿಡ ಬೀಜ ಕಟ್ಟುವುದಿಲ್ಲ.